ಬಿಳಿ ಬಕೆಟ್ಟಿನ ಉಪ್ಪು

"ಮೇಷ್ಟ್ರೇ, ಅದು ನಿಮ್ದಲ್ಲ. ಅದು ಮೇಡಂ ತಗೊಳ್ಳೋ ಉಪ್ಪು," ಎಂದು ಅಕ್ವೇರಿಯಂ ಅಂಗಡಿಯವನು ಕೂತಲ್ಲಿಂದಲೇ ಕೂಗಿದ.

ಬಿಳಿ ಬಕೆಟ್ಟಿನ ಹಿಡಿಗೆ ಕೈ ಹಾಕಿದ್ದ ಮೇಷ್ಟ್ರು ಕದಿಯುವಾಗ ಸಿಕ್ಕಿಬಿದ್ದವರ ಹಾಗೆ ಒಂದು ಗಳಿಗೆ ಅಲುಗಾಡದೆ ನಿಂತರು. ಆಮೇಲೆ ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟು, "ಗೊತ್ತು," ಎಂದರು.

"ನಿಮ್ಮ ಕರೀ ಬಕೆಟ್ಟೂ ಬಂದಿದೆ, ಒಳಗಿಟ್ಟಿದೀನಿ."

"ಇರಲಿ. ಇದನ್ನೇ ಕೊಡು."

"ಮೇಡಂಗೆ ತಗೊಂಡು ಹೋಗ್ತಿದೀರಾ?"

"ನನಗೇ. ಮತ್ತೆ ನೋಡು, ಮೇಡಂ ಹತ್ರ ಈ ವಿಷಯ ಬಾಯಿ ಬಿಡಬೇಡ."

ಅಂಗಡಿಯವನ ಮುಖ ನೋಡುವ ಹಾಗಿತ್ತು. ಒಬ್ಬ ಗಿರಾಕಿಯ ಸುದ್ದಿಯನ್ನು ಇನ್ನೊಬ್ಬ ಗಿರಾಕಿಗೆ ಪುಕ್ಕಟೆ ಹಂಚುತ್ತಾ ಬಂದವನಿಗೆ ಬಾಯಿಗೆ ಬೀಗ ಹಾಕಿಕೋ ಎಂದರೆ ಹೊಟ್ಟೆ ಉಬ್ಬರಿಸದೆ ಇರುತ್ತದೆಯೇ? ಆದರೆ ಅವನಿಗೆ ಕಾರು ಓಡಿಸಲು ಕಲಿಸಿದವರು ಈ ಮೇಷ್ಟ್ರೇ. ಗುರುವಿನ ಮಾತು ಮೀರಲಾರದೆ ತಲೆಯಾಡಿಸಿದ.

ಮೇಷ್ಟ್ರು ಎಂದರೆ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಲ್ಲ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ವಯಸ್ಸು ಐವತ್ತು ದಾಟಿತ್ತು. ಅಪ್ಪ ಅಮ್ಮನ ಕಾಯಿಲೆ, ಆಸ್ಪತ್ರೆ ಎಂದು ಓಡಾಡುವುದರಲ್ಲೇ ಮದುವೆಯ ವಯಸ್ಸು ಕಳೆದುಹೋಗಿತ್ತು. ಆಮೇಲೆ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹೇಳುವುದೇನಿದ್ದರೂ ಅವರು ಹೇಳಿಕೊಳ್ಳುತ್ತಿದ್ದದ್ದು ಮನೆಯ ಹಾಲ್‌ನಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಇದ್ದ ಗಾಜಿನ ಟ್ಯಾಂಕಿಗೆ. ಅದರಲ್ಲಿ ಅವರು ಸಮುದ್ರ ಸಾಕಿದ್ದರು. ಹವಳವೆಂದರೆ ಉಂಗುರದ ಕೆಂಪು ಕಲ್ಲು ಎಂದುಕೊಂಡು ಬಂದವರು, ನೀರೊಳಗೆ ಉಸಿರಾಡುತ್ತಾ ಬೆಳೆಯುವ ಜೀವದ ಹವಳ ಕಂಡು ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಿದ್ದರು.

ಸಮುದ್ರ ಅಲ್ಲಿಂದ ಎಷ್ಟೋ ದೂರ. ಹಾಗಾಗಿ ಹವಳ ಸಾಕುವವರು ಫಿಲ್ಟರ್ ಮಾಡಿದ ನೀರಿಗೆ ಬಕೆಟ್ಟಿನ ಉಪ್ಪು ಬೆರೆಸಿ ತಮ್ಮ ಸಮುದ್ರವನ್ನು ತಾವೇ ಮಾಡಿಕೊಳ್ಳಬೇಕು. ಅದು ಅಡುಗೆಯ ಉಪ್ಪಲ್ಲ. ಸಮುದ್ರದಲ್ಲಿ ಏನೇನು ಕರಗಿದೆಯೋ ಅದನ್ನೆಲ್ಲ ಅಳೆದು ಸೇರಿಸಿದ ಪುಡಿ. ಒಂದೊಂದು ಕಂಪನಿಯದು ಒಂದೊಂದು ಹದ. ಮೇಷ್ಟ್ರ ಕರಿ ಬಕೆಟ್ಟಿನ ಉಪ್ಪಿನಲ್ಲಿ ಕ್ಷಾರ ಜಾಸ್ತಿ, ಅಳೆದರೆ ಹನ್ನೊಂದು. ಆ ನೀರಿನಲ್ಲಿ ಕೊಂಬಿನ ಹವಳಗಳು ಸರಸರನೆ ಬೆಳೆಯುತ್ತವೆ. ಅವರಲ್ಲಿದ್ದ ಒಂದು ಕೊಂಬಿನ ಹವಳವಂತೂ ಜಿಂಕೆಯ ಕೋಡಿನ ಹಾಗೆ ಕವಲೊಡೆದು, ತುದಿಗಳಲ್ಲಿ ನೇರಳೆ ಬಣ್ಣ ತುಂಬಿಕೊಂಡು, ನೀರಿನ ಮೇಲ್ಮೈಗೇ ಮುಟ್ಟಿತ್ತು. ಅದರ ಒಂದು ಚೂರು ಕೊಡಿ ಎಂದು ಕೇಳಿಕೊಂಡು ಊರಾಚೆಯಿಂದಲೂ ಜನ ಬರುತ್ತಿದ್ದರು. ಮೇಷ್ಟ್ರು ಯಾರಿಗೂ ಇಲ್ಲವೆಂದವರಲ್ಲ. ಕೊಡುವಾಗ ಮಾತ್ರ, "ಉಪ್ಪು ಯಾವ್ದು ಹಾಕ್ತೀರಿ? ಕರೀದು ಹಾಕಿ, ನೋಡ್ತಾ ಇರಿ," ಎಂದು ಸ್ವಲ್ಪ ಎದೆಯುಬ್ಬಿಸಿ ಹೇಳುತ್ತಿದ್ದರು. ಅಷ್ಟು ಜಂಬ ಅವರಿಗಿತ್ತು, ಇರಬಾರದ್ದೇನೂ ಅಲ್ಲ.

ಮೇಡಂ ಸಿಕ್ಕಿದ್ದು ಕನ್ನಡಕದ ಅಂಗಡಿಯಲ್ಲಿ. ಆಕೆ ಅಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಮೇಷ್ಟ್ರು ಹೋಗಿ ಕುರ್ಚಿಯ ಮೇಲೆ ಕೂತು, "ಓದೋಕಲ್ಲ ಮೇಡಂ. ಗಾಜಿನ ಆಚೆ ಒಂದು ಗೇಣು ದೂರದಲ್ಲಿ ಸಾಸಿವೆಗಿಂತ ಸಣ್ಣ ಹುಳ ಹರಿದಾಡ್ತಿದ್ರೆ ಕಾಣ್ಬೇಕು, ಅಂಥದ್ದು ಕೊಡಿ," ಎಂದಿದ್ದರು. ಬೇರೆ ಯಾರಾದರೂ ಆಗಿದ್ದರೆ ಈ ಮನುಷ್ಯನ ತಲೆಯನ್ನು ಮೊದಲು ಪರೀಕ್ಷೆ ಮಾಡಿಸಬೇಕು ಎನ್ನುತ್ತಿದ್ದರು. ಆಕೆ ಕೈಯಲ್ಲಿದ್ದ ಲೆನ್ಸನ್ನು ಕೆಳಗಿಟ್ಟು, "ಕೆಂಪು ಹುಳಾನಾ, ಬಿಳೀದಾ?" ಎಂದು ಕೇಳಿದರು. ಹವಳ ತಿನ್ನುವ ಹುಳದಲ್ಲಿ ಎರಡು ಜಾತಿ ಇದೆ ಎಂಬುದು ಹವಳ ಸಾಕಿದವರಿಗಲ್ಲದೆ ಇನ್ನಾರಿಗೂ ಗೊತ್ತಿರುವುದಿಲ್ಲ. ಮೇಷ್ಟ್ರು ಆ ದಿನ ಕನ್ನಡಕದ ವಿಷಯ ಮರೆತೇಬಿಟ್ಟರು. ಮಾತು ಮುಗಿಯುವ ಹೊತ್ತಿಗೆ ಅಂಗಡಿಯ ಮಾಲೀಕ ಎರಡು ಸಲ ಕೆಮ್ಮಿದ್ದ.

ಮೇಡಂ ಒಮ್ಮೆ ಮದುವೆಯಾಗಿ, ಅದು ಮುರಿದು, ಎಷ್ಟೋ ವರ್ಷಗಳಿಂದ ಒಬ್ಬರೇ ಇದ್ದರು. ಬಾಡಿಗೆ ಮನೆಯ ಒಂದು ಮೂಲೆಯಲ್ಲಿ ಅವರದೂ ಒಂದು ಟ್ಯಾಂಕು. ಅದರಲ್ಲಿ ಕೊಂಬಿನ ಹವಳ ಒಂದೂ ಇರಲಿಲ್ಲ. ಇದ್ದದ್ದು ಊಟದ ತಟ್ಟೆಯಷ್ಟು ಅಗಲದ, ಮಿದುಳಿನ ಹಾಗೆ ಸುರುಳಿ ಸುರುಳಿಯಾದ, ಹಸಿರು ಮಾಂಸದ ಒಂದು ಹಳೆಯ ಹವಳ. ಅದಕ್ಕೆ ಆಕೆ ಅಜ್ಜಿ ಎಂದು ಹೆಸರಿಟ್ಟಿದ್ದರು. "ಅಜ್ಜಿ ಇವತ್ತು ಮುಖ ಊದಿಸ್ಕೊಂಡಿದೆ," "ಅಜ್ಜಿ ಈಗ ಊಟ ಮಾಡ್ತಾ ಇದೆ, ಮಾತಾಡಿಸ್ಬೇಡಿ," ಎನ್ನುವರು. ಒಂದು ಸಲ ಯಾರದೋ ಮಾತು ಕೇಳಿ ಉಪ್ಪು ಬದಲಾಯಿಸಿದ್ದಕ್ಕೆ ಅಜ್ಜಿಯ ಮಾಂಸ ಅಂಚಿನಿಂದ ಹಿಂದೆ ಸರಿದು, ಒಳಗಿನ ಬಿಳಿ ಎಲುಬು ಕಂಡಿತ್ತಂತೆ. ಅದು ಮತ್ತೆ ಮುಚ್ಚಿಕೊಳ್ಳಲು ವರ್ಷಗಳೇ ಬೇಕಾದವು. ಅಂದಿನಿಂದ ಬಿಳಿ ಬಕೆಟ್ಟು ಬಿಟ್ಟು ಬೇರೆಯದನ್ನು ಮೇಡಂ ಕಣ್ಣೆತ್ತಿಯೂ ನೋಡಿರಲಿಲ್ಲ. ಬಿಳಿ ಬಕೆಟ್ಟಿನದು ಸಾಧಾರಣ ಉಪ್ಪು. ಮೇಲೆ ಅಲೆಯ ಚಿತ್ರವಿಲ್ಲ, ಬೇಗ ಬೆಳೆಸುತ್ತೇನೆ ಎಂಬ ಭರವಸೆಯಿಲ್ಲ. ಅದರ ನೀರಿನ ಕ್ಷಾರ ಎಂಟು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ, ಆಮೇಲೆ ಮೇಷ್ಟ್ರ ಮನೆಯಲ್ಲಿ ಸಂಸಾರ ಎಂದು ನಿಶ್ಚಯವಾಯಿತು. ಮೇಡಂ ಟ್ಯಾಂಕಿನ ಗಾಜುಗಳ ನಡುವಿನ ಅಂಟು ಹಳತಾಗಿತ್ತು, ಎತ್ತಿದರೆ ಬಿಟ್ಟುಕೊಳ್ಳುವುದು ಖಂಡಿತ. ಮೇಷ್ಟ್ರ ಹಾಲ್‌ನಲ್ಲಿ ಇನ್ನೊಂದಕ್ಕೆ ಜಾಗವೂ ಇರಲಿಲ್ಲ. ಅಜ್ಜಿ ಇವರ ಟ್ಯಾಂಕಿಗೇ ಬರಬೇಕು. ಈ ಮಾತು ನಡೆದದ್ದು ಮೇಷ್ಟ್ರ ಮನೆಯಲ್ಲೇ, ಅವರ ಅಕ್ಕನ ಎದುರಿಗೆ. ಅಕ್ಕ ಪಕ್ಕದ ಬೀದಿಯಲ್ಲಿದ್ದರು. ತಮ್ಮನ ಮದುವೆಗೆ ಅವನಿಗಿಂತ ಹೆಚ್ಚು ಸಂಭ್ರಮಪಡುತ್ತಿದ್ದವರು.

"ನೀರು ಬೇರೆ ಬೇರೆ ಅಲ್ವಾ, ಅಜ್ಜಿಗೆ ಆಗುತ್ತಾ ಅಂತ ಸ್ವಲ್ಪ ಯೋಚನೆ," ಎಂದರು ಮೇಡಂ.

"ಅದಕ್ಯಾಕಮ್ಮ ಯೋಚನೆ?" ಎಂದರು ಅಕ್ಕ. ಅವರ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. "ಮನೆಗೆ ಬಂದವರು ಆ ಮನೆ ನೀರಿಗೆ ಹೊಂದ್ಕೋತಾರೆ. ನಾವೆಲ್ಲ ಹೊಂದ್ಕೊಂಡಿಲ್ವಾ? ನಾಲ್ಕು ದಿನ ಮುಖ ಬಾಡಿಸ್ಕೊಳ್ಳುತ್ತೆ, ಆಮೇಲೆ ಸರಿಹೋಗುತ್ತೆ."

"ಹೌದಕ್ಕ, ಹೊಂದ್ಕೊಳ್ಳುತ್ತೆ," ಎಂದರು ಮೇಡಂ. ಹೇಳುತ್ತಾ, ಕೊಳೆಯಿಲ್ಲದ ಕನ್ನಡಕವನ್ನು ತೆಗೆದು ಒರೆಸಿದರು.

ಅದನ್ನು ಮೇಷ್ಟ್ರು ನೋಡಿದರು. ಸ್ಟೀರಿಂಗ್ ಹಿಡಿದವರ ಕೈಬೆರಳು ನೋಡಿಯೇ ಅವರಿಗೆ ಹೆದರಿಕೆ ಯಾವುದು, ಧೈರ್ಯ ಯಾವುದು ಎಂದು ತಿಳಿಯುವ ಕಸುಬು ಅವರದು. ಆಕೆಯನ್ನು ಮನೆಗೆ ಬಿಡಲು ಕಾರಿನಲ್ಲಿ ಹೋಗುವಾಗ, ದಾರಿಯಲ್ಲಿ ಮೇಡಂ ತಾವಾಗಿಯೇ ಹೇಳಿದರು: "ಆ ಮನೇಲೂ ನಾನು ಹೊಂದ್ಕೊಂಡಿದ್ದೆ ಮೇಷ್ಟ್ರೇ. ಏಳೋ ಹೊತ್ತು, ಉಡೋ ಬಟ್ಟೆ, ನಗೋ ನಗು, ಎಲ್ಲಾ. ಕೊನೆಗೆ ಅಲ್ಲಿಂದ ಹೊರಗೆ ಬಂದಾಗ ನನಗೆ ಏನಿಷ್ಟ ಅಂತ ನನಗೇ ಗೊತ್ತಿರ್ಲಿಲ್ಲ. ಅಂಗಡೀಲಿ ನಿಂತು ಒಂದು ಸೋಪು ಆರಿಸೋಕೂ ಆಗ್ಲಿಲ್ಲ. ನಗಬೇಡಿ."

ಮೇಷ್ಟ್ರು ನಗಲಿಲ್ಲ. ಆಕೆಯನ್ನು ಇಳಿಸಿ, ಮರುದಿನವೇ ಹೋಗಿ ಬಿಳಿ ಬಕೆಟ್ಟಿಗೆ ಕೈ ಹಾಕಿದರು.

ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಮಾತೇ. ಆದರೆ ಹೇಳಿದ್ದರೆ ಮೇಡಂ ಖಂಡಿತ ಬೇಡವೆನ್ನುತ್ತಿದ್ದರು. ಹನ್ನೊಂದರ ನೀರಿನಲ್ಲಿ ಬೆಳೆದ ಕೊಂಬಿನ ಹವಳವನ್ನು ಎಂಟಕ್ಕೆ ತಂದರೆ ಅದಕ್ಕೇನಾಗುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಇನ್ನೊಂದು, ಕೆಲಸ ಕೈಗೂಡುತ್ತದೋ ಇಲ್ಲವೋ ತಿಳಿಯದೆ ಆಸೆ ಹುಟ್ಟಿಸುವುದು ಮೇಷ್ಟ್ರಿಗೆ ಸರಿಬರಲಿಲ್ಲ. ಅವರು ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರಿಗೂ ಒಂದು ಬ್ರೇಕು ಇರುತ್ತದೆ. ತಮ್ಮ ಕಾಲು ಅದರ ಮೇಲಿದೆ ಎಂದು ಅವರು ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯನಿಗೂ ಹೇಳಿದ್ದಿಲ್ಲ. ಆ ಅಭ್ಯಾಸವೇ ಇಲ್ಲೂ ಬಂದಿತು, ಅದೇ ಅವರು ಮಾಡಿದ ತಪ್ಪು.

ಕೆಲಸವನ್ನೇನೋ ಚಂದ ಮಾಡಿದರು. ಹೊಸ ಬಕೆಟ್ಟನ್ನು ಮುಚ್ಚಳ ತೆಗೆಯುವ ಮುಂಚೆ ಮಲಗಿಸಿ, ಹಾಲ್‌ನ ಉದ್ದಕ್ಕೂ ಹಿಂದೆ ಮುಂದೆ ಉರುಳಿಸಿದರು. ಸಾಗಣೆಯಲ್ಲಿ ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ ಸೇರಿರುತ್ತದೆ. ಉರುಳಿಸದೆ ತೆಗೆದರೆ ಮೇಲಿನ ಉಪ್ಪು ಒಂದು ಹದ, ಅಡಿಯದು ಇನ್ನೊಂದು ಹದ. ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಪಂಪು ಹಾಕಿ ಅದು ಸುತ್ತತೊಡಗಿದ ಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಉದುರಿಸಿದರು. ಆತುರದಿಂದ ಒಮ್ಮೆಲೆ ಸುರಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗಿ ಎಲ್ಲ ಕೆಟ್ಟಂತೆ. ಮೊದಮೊದಲು ಕರಿ ಬಕೆಟ್ಟಿನದು ಮೂರು ಪಾಲು, ಬಿಳಿಯದು ಒಂದು ಪಾಲು. ಆಮೇಲೆ ಅರ್ಧಕ್ಕರ್ಧ. ವಾರಕ್ಕೊಮ್ಮೆ ಟ್ಯಾಂಕಿನಿಂದ ಸ್ವಲ್ಪ ಹಳೆಯ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕುವುದು. ಅಂಥ ದೊಡ್ಡ ಟ್ಯಾಂಕಿನಲ್ಲಿ ಅದು ಇಳಿದೂ ಇಳಿಯದ ಹಾಗೆ ಇಳಿಯುತ್ತದೆ. ಅವಸರ ಮಾಡಿದರೆ ಇರುವ ಹವಳಗಳೂ ಹೋಗುತ್ತವೆ. ಇದೇ ಲೆಕ್ಕದಲ್ಲಿ ನೋಡಿದರೆ ಮದುವೆಯ ತಾರೀಖಿಗೆ ನೀರು ಸಿದ್ಧವಾಗುವಂತಿರಲಿಲ್ಲ.

ಆದ್ದರಿಂದ ತಾರೀಖನ್ನು ಮುಂದಕ್ಕೆ ಹಾಕಬೇಕು ಎಂದರು ಮೇಷ್ಟ್ರು. ಕಾರಣ ಕೇಳಿದ್ದಕ್ಕೆ, ಮನೆಗೆ ಬಣ್ಣ ಹೊಡೆಸಬೇಕು ಎಂದರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ಹೇಳುವಾಗ ಕಿವಿ ಕೆಂಪಾಗುತ್ತದೆ. ಮೇಡಂ ಒಪ್ಪಿಕೊಂಡರು. ಹೊಸ ತಾರೀಖು ಹತ್ತಿರ ಬಂತು, ನೀರು ಇನ್ನೂ ಒಂಬತ್ತೂವರೆಯಲ್ಲೇ ಇತ್ತು. ಎರಡನೇ ಸಲ ಮುಂದಕ್ಕೆ ಹಾಕುವಾಗ, ಶಾಲೆಗೆ ಹೊಸ ಬ್ಯಾಚು ಬಂದಿದೆ, ಬಿಡುವಿಲ್ಲ ಎಂದರು. ಮನೆಗೆ ಬನ್ನಿ ಎಂದು ಕರೆಯುವುದನ್ನೂ ನಿಲ್ಲಿಸಿದ್ದರು. ಬಂದರೆ ಎರಡು ಬಕೆಟ್ಟು ಕಣ್ಣಿಗೆ ಬೀಳುತ್ತವಲ್ಲ.

"ಏನೋ ಇದು ನಿನ್ನ ಆಟ?" ಎಂದು ಅಕ್ಕ ತರಾಟೆಗೆ ತೆಗೆದುಕೊಂಡರು. "ಗೋಡೆಗೆ ಬ್ರಷ್ ಮುಟ್ಟಿಲ್ಲ, ಬಣ್ಣ ಅಂತೀಯ. ಆ ಹೆಣ್ಣುಮಗಳು ಮೊದಲೇ ನೊಂದಿರೋಳು. ಬೇಡ ಅಂತಿದ್ರೆ ಗಂಡಸಿನ ಹಾಗೆ ಬಾಯಿ ಬಿಟ್ಟು ಹೇಳು!"

"ಬೇಕು ಅಕ್ಕ. ಬೇಕು ಅಂತಾನೇ..." ಎಂದು ಮೇಷ್ಟ್ರು ಮಾತು ನುಂಗಿದರು.

ಒಂದು ಬೆಳಿಗ್ಗೆ ಟ್ಯಾಂಕಿನ ದೀಪ ಹತ್ತಿದಾಗ ಜಿಂಕೆ ಕೋಡಿನ ಹವಳದ ತುದಿಗಳಲ್ಲಿ ನೇರಳೆ ಇರಲಿಲ್ಲ. ಚಹಾದ ಕಲೆಯಂಥ ಕಂದು ಬಣ್ಣ ಅಡರಿತ್ತು. ಬೆಳವಣಿಗೆ ನಿಂತಿತ್ತು. ಬುಡದಲ್ಲಿ ಒಂದು ಕವಲು ಸತ್ತೇ ಹೋಗಿತ್ತು. ಬೆರಳಿನಷ್ಟಿದ್ದ ಚೂರಿನಿಂದ ಅದನ್ನು ಇಷ್ಟು ದೊಡ್ಡದು ಮಾಡಿದವರು ಅವರು. ಕುರ್ಚಿ ಎಳೆದುಕೊಂಡು ಅದರೆದುರು ಕೂತರು. ಎದ್ದವರು ಸೀದಾ ಹೋಗಿ ಕರಿ ಬಕೆಟ್ಟಿನ ಮುಚ್ಚಳ ತೆಗೆದರು, ಸೌಟನ್ನೂ ತುಂಬಿಸಿದರು. ಇನ್ನು ಡ್ರಮ್ಮಿಗೆ ಹಾಕುವುದೊಂದೇ ಬಾಕಿ. ಸೋಪು ಆರಿಸಲಾಗದೆ ಅಂಗಡಿಯಲ್ಲಿ ನಿಂತ ಹೆಂಗಸು ಆಗ ಅವರ ಕಣ್ಣೆದುರು ಬಂದಳು. ಸೌಟಿನ ಉಪ್ಪನ್ನು ಬಕೆಟ್ಟಿಗೇ ಸುರಿದು, ಮುಚ್ಚಳವನ್ನು ಗುದ್ದಿ ಹಾಕಿ, ಆ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಪಕ್ಕದ ಊರಿನ ಹವಳ ಸಾಕುವವನೊಬ್ಬನಿಗೆ ಕೊಟ್ಟು ಬಂದರು. ಎಂಥ ಮನುಷ್ಯ ಎನ್ನಬೇಕು! ಗೆದ್ದದ್ದನ್ನು ಬಿಟ್ಟುಕೊಡುವವರು ಸಿಗುತ್ತಾರೆ. ಯಾರಿಗೂ ಹೇಳದೆ ಬಿಟ್ಟುಕೊಡುವವರು ಎಲ್ಲಿ ಸಿಗುತ್ತಾರೆ?

ಮೇಡಂ ಬಂದದ್ದು ಒಂದು ಭಾನುವಾರ, ಹೇಳದೆ ಕೇಳದೆ. ಅಕ್ಕನೂ ಅಲ್ಲೇ ಇದ್ದರು. ಮೇಡಂ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಬರುವ ದಾರಿಯಲ್ಲೆಲ್ಲ ಹೇಳಿ ಹೇಳಿ ಬಾಯಿಪಾಠವಾದ ಮಾತನ್ನು ಹೇಳಿದರು.

"ಮೇಷ್ಟ್ರೇ, ನನಗೆ ಕೋಪ ಇಲ್ಲ. ಬೇಡ ಅನ್ನಿಸಿದ್ರೆ ಬೇಡ ಅನ್ನಿ. ನಿಮಗೆ ಹೇಳೋಕೆ ಕಷ್ಟ ಆಗುತ್ತೆ ಅಂತ ನಾನೇ ಬಂದಿದೀನಿ. ಇವತ್ತಿಗೆ ಮುಗಿಸಿಬಿಡೋಣ."

ಮೇಷ್ಟ್ರ ಕೈ ಮೇಲಕ್ಕೆದ್ದು ಕೆಳಗಿಳಿಯಿತು. ಅಕ್ಕ ತಲೆ ಮೇಲೆ ಕೈ ಹೊತ್ತುಕೊಂಡರು.

ಹೇಳುವುದಾಯಿತು, ಇನ್ನು ಹೊರಡಬೇಕು ಎಂದು ತಿರುಗಿದ ಮೇಡಂ ಕಣ್ಣು ಟ್ಯಾಂಕಿನ ಮೇಲೆ ಬಿತ್ತು. ಬಿದ್ದ ಕಣ್ಣು ಅಲ್ಲೇ ನಿಂತಿತು. ಎರಡು ಹೆಜ್ಜೆ ಹತ್ತಿರ ಬಂದರು.

"ಏನಾಯ್ತು ಇದಕ್ಕೆ?"

"ಏನಿಲ್ಲ. ಸುಮ್ನೆ ಸ್ವಲ್ಪ..."

"ಸುಮ್ನೆ ಅಂದ್ರೇನು? ನೇರಳೆ ಪೂರ್ತಿ ಹೋಗಿದೆ! ಬುಡ ನೋಡಿ, ಸತ್ತಿದೆ. ಇಷ್ಟಾಗೋವರೆಗೂ ಏನು ಮಾಡ್ತಿದ್ರಿ ನೀವು?" ಸಂಬಂಧ ಮುರಿಯಲು ಬಂದವರು ಸಂಬಂಧ ಮರೆತು, ಹವಳದ ಮೇಲಿನ ಸಂಕಟಕ್ಕೆ ಮೇಷ್ಟ್ರನ್ನು ಗದರಿದರು. "ಟೆಸ್ಟ್ ಕಿಟ್ ಎಲ್ಲಿ? ಕ್ಷಾರ ನೋಡಿದ್ರಾ?"

"ಬೇಡ ಮೇಡಂ, ನಾನು ನೋಡ್ಕೋತೀನಿ."

"ನೋಡ್ಕೊಂಡಿದ್ದು ಕಾಣ್ತಾ ಇದೆಯಲ್ಲ."

ಕಿಟ್ಟು ಇದ್ದದ್ದು ಟಿವಿ ಪಕ್ಕದ ಗೂಡಿನಲ್ಲಿ. ಮೇಷ್ಟ್ರು ಅಡ್ಡ ಹೋಗುವ ಮುಂಚೆಯೇ ಅಕ್ಕ ಅದನ್ನು ತೆಗೆದು ಮೇಡಂ ಕೈಗೆ ಕೊಟ್ಟುಬಿಟ್ಟರು. ತಮ್ಮ ಯಾವುದನ್ನು ಬೇಡವೆನ್ನುತ್ತಾನೋ ಅದನ್ನು ಮಾಡಬೇಕು ಎನ್ನುವಷ್ಟು ಸಿಟ್ಟು ಅವರಿಗೆ ಬಂದಿತ್ತು.

ಮೇಡಂ ಪುಟ್ಟ ಗಾಜಿನ ಸೀಸೆಯಲ್ಲಿ ಟ್ಯಾಂಕಿನ ನೀರು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಒಂದೊಂದೇ ಹನಿ ಔಷಧಿ ಹಾಕಿ ಕುಲುಕುವುದು. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಎಷ್ಟನೆಯ ಹನಿಗೆ ಆ ನೀಲಿ ಹಳದಿಗೆ ತಿರುಗುತ್ತದೋ ಅಷ್ಟು ಕ್ಷಾರ. ಈ ಮನೆಯ ನೀರು ಹನ್ನೊಂದನೆಯ ಹನಿಗೆ ತಿರುಗುತ್ತದೆ ಎಂಬುದು ಆಕೆಗೆ ಗೊತ್ತು. ಮೇಷ್ಟ್ರೇ ಎಷ್ಟು ಸಲ ಜಂಬದಿಂದ ಹೇಳಿಲ್ಲ! ಐದು, ಆರು, ಏಳು ಎಂದು ತುಟಿಯಲ್ಲೇ ಎಣಿಸಿದರು. ಎಂಟನೆಯ ಹನಿ ಬಿದ್ದು ಕುಲುಕಿದರೋ ಇಲ್ಲವೋ, ನೀರು ಹಳದಿಯಾಯಿತು.

ಮೇಡಂ ಸೀಸೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಚೆಲ್ಲಿ, ತೊಳೆದು, ಬೇರೆ ನೀರು ತೆಗೆದುಕೊಂಡು ಮತ್ತೆ ಎಣಿಸಿದರು. ಎರಡು ಸಲ ನೋಡದೆ ಯಾರ ಕಣ್ಣಿಗೂ ನಂಬರು ಬರೆದುಕೊಟ್ಟವರಲ್ಲ ಆಕೆ. ಮತ್ತೆ ಎಂಟಕ್ಕೇ ತಿರುಗಿತು.

"ಯಾವಾಗಿನಿಂದ?" ಎಂದರು ಮೇಡಂ, ತಿರುಗಿ ನೋಡದೆ.

"ಅವತ್ತು ನಿಮ್ಮನ್ನ ಬಿಟ್ಟು ಬಂದೆನಲ್ಲ, ಅದರ ಮಾರನೇ ದಿನದಿಂದ." ಮೇಷ್ಟ್ರ ಕಿವಿ ಈ ಸಲ ಕೆಂಪಾಗಲಿಲ್ಲ. "ಬೇಗ ಬೇಗ ಮಾಡೋ ಹಾಗಿರ್ಲಿಲ್ಲ. ಅದಕ್ಕೇ ತಾರೀಖು... ಎಂಟಕ್ಕೆ ಬಂದಿರೋದು ಈಗ ಮೊನ್ನೆ. ನಿಲ್ಲುತ್ತೋ ಇಲ್ವೋ ನೋಡ್ಕೊಂಡು ಹೇಳೋಣ ಅಂತಿದ್ದೆ."

"ನಿಮ್ಮ ಹವಳ ಹೋಯ್ತಲ್ಲ ಮೇಷ್ಟ್ರೇ."

"ಪೂರ್ತಿ ಹೋಗಿಲ್ಲ. ನಿಧಾನಕ್ಕೆ ಬೆಳೆಯುತ್ತೆ. ಅವಸರ ಏನಿದೆ ಈಗ?"

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಒಮ್ಮೆ ತಮ್ಮನನ್ನು, ಒಮ್ಮೆ ಮೇಡಂ ಕೈಯ ಹಳದಿ ಸೀಸೆಯನ್ನು ನೋಡಿ, "ಏನ್ ನಡೀತಿದೆ ಇಲ್ಲಿ? ನನಗೂ ಸ್ವಲ್ಪ ಹೇಳ್ತೀರಾ?" ಎಂದರು.

ಮೇಡಂ ಸೀಸೆಯನ್ನು ಕಿಟಕಿಯ ಮೇಲಿಟ್ಟು, ಕನ್ನಡಕ ತೆಗೆದು, ಅಂಗೈಯಿಂದಲೇ ಕಣ್ಣು ಒರೆಸಿಕೊಂಡರು.

"ಅಕ್ಕ, ಇದು ನಮ್ಮನೆ ನೀರು," ಎಂದರು.

ಅಕ್ಕ ಟ್ಯಾಂಕಿನ ಕಡೆ ತಿರುಗಿದರು. ಕಂದುಗಟ್ಟಿದ ಕೋಡುಗಳನ್ನು ನೋಡಿದರು, ಗೋಡೆಗೆ ಒರಗಿಸಿಟ್ಟಿದ್ದ ಬಿಳಿ ಬಕೆಟ್ಟುಗಳನ್ನು ನೋಡಿದರು. ಎಷ್ಟು ಅರ್ಥವಾಯಿತೋ ಏನೋ. ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಚಿಕ್ಕಂದಿನಲ್ಲಿ ಕೊಡುತ್ತಿದ್ದ ಹಾಗೆ, ನೋವಾಗದ ಗುದ್ದು.

"ಬಣ್ಣ ಹೊಡೆಸ್ಬೇಕಂತೆ, ಬಣ್ಣ," ಎಂದರು ಮೇಡಂ. ಅಳುವಿನ ನಡುವೆಯೇ ನಗು ಬಂತು. "ಸುಳ್ಳು ಹೇಳೋದನ್ನ ಯಾರಾದ್ರೂ ಕಲಿಸಿಕೊಡ್ತಾರಾ ನೋಡಿ, ಹೋಗಿ ಸೇರ್ಕೊಳ್ಳಿ."

ಆಮೇಲೆ ಆಕೆ ಟ್ಯಾಂಕಿನ ಎದುರು ಬಗ್ಗಿ, ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಾ ಬಂದರು. ಹೊಸಬರು ನೋಡುವ ಹಾಗಲ್ಲ. ಸಾಮಾನು ಎಲ್ಲಿ ಇಡಲಿ ಎಂದು ಖಾಲಿ ಮನೆಯನ್ನು ನೋಡುವ ಹಾಗೆ. ಎಡಗಡೆ ಬಂಡೆಯ ನೆರಳಿನಲ್ಲಿ, ನೀರಿನ ಸೆಳೆತ ತಾಗದ ಮರಳಿನ ಮೇಲೆ ಕಣ್ಣು ನಿಂತಿತು. ಕೈಗಡಿಯಾರ ಬಿಚ್ಚಿ ಅಕ್ಕನಿಗೆ ಕೊಟ್ಟರು. ಬಟ್ಟೆಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದರು. ಹವಳ ಸಾಕುವವರು ಎಷ್ಟೇ ಸಲಿಗೆಯಿದ್ದರೂ ಇನ್ನೊಬ್ಬರ ನೀರಿಗೆ ಕೇಳದೆ ಕೈ ಹಾಕುವುದಿಲ್ಲ. ಮೇಡಂ ಮೇಷ್ಟ್ರ ಮುಖ ನೋಡಿದರು, ಬಾಯಿ ಬಿಟ್ಟು ಕೇಳಲಿಲ್ಲ. ಮೇಷ್ಟ್ರು ಟ್ಯಾಂಕಿನ ಮೇಲಿದ್ದ ದೀಪವನ್ನು ಪಕ್ಕಕ್ಕೆ ಸರಿಸಿದರು.

ಆಕೆಯ ಕೈ ಇಳಿದ ಹಾಗೆ ನೀರು ಅಂಚಿಗೆ ಏರಿ, ಗಾಜಿನ ಮೇಲೆ ಒಂದು ಗೆರೆಯಾಗಿ ಇಳಿಯಿತು. ಅಕ್ಕ ಅದಕ್ಕೆ ಟವೆಲ್ ಒಡ್ಡಿ ನಿಂತರು. ಬೆರಳುಗಳು ಮರಳನ್ನು ಅಕ್ಕಪಕ್ಕ ತಳ್ಳಿ, ಊಟದ ತಟ್ಟೆಯಷ್ಟು ಅಗಲಕ್ಕೆ ಜಾಗ ಸಮ ಮಾಡುತ್ತಿದ್ದವು. ಎಲ್ಲೋ ಬಂಡೆಯ ಸಂದಿಯಲ್ಲಿದ್ದ ಸಣ್ಣ ಹಳದಿ ಮೀನೊಂದು ಹೊರಗೆ ಬಂದು, ಆ ಕೈಯ ಸುತ್ತ ಒಂದು ಸುತ್ತು ಹಾಕಿ, ಬೆರಳುಗಳ ಸಂದಿಯಲ್ಲಿ ನುಸುಳಿ ಆಚೆ ಹೋಯಿತು. ಮತ್ತೆ ತಿರುಗಿ ಬಂತು.